ಒಂದು ಕಮ್ಮಿ

ಚೆಂಬಿಗೊಂದು ರೇಟು ಗಿಂಡಿಗೊಂದು ರೇಟು ಇಲ್ಲ ಅಜ್ಜಿ,
ಹಿತ್ತಾಳೆ ಅಂದ್ರೆ ಹಿತ್ತಾಳೆ, ಅಂದ ಷಫಿ,
ಮುಳಬಾಗಿಲಿನ ನಮ್ಮ ಸಂದಿಗೆ ತಿಂಗಳಿಗೊಮ್ಮೆ ಬರುವ ಗುಜರಿ ಹುಡುಗ.
ತಳ ತೂತಾದ ಚೆಂಬು, ಮೂತಿ ಮುರಿದ ಗಿಂಡಿ,
ಹಿಡಿಯಿಲ್ಲದ ಸೌಟು, ಎಲ್ಲ ಕೊಟ್ಟೆ.
ಹೊಲಿಗೆ ಮಿಷನ್ನಿನ ಪಕ್ಕದ ಗೂಡಿನಿಂದ
ಇದನ್ನು ಅವನೇ ಎತ್ತಿಕೊಂಡ.

ಕಿರುಬೆರಳಿನುದ್ದ. ಕತ್ತಿನ ಹತ್ತಿರ ಸಣ್ಣಗಾಗಿ
ಬಾಯಿಗೆ ಜೋಳದ ದಂಟಿನ ಬಿರಟೆ.
ಅಲುಗಿಸಿದರೆ ಒಳಗೆ ಹದಿನಾಲ್ಕು ಸೂಜಿ
ಪಿಸುಗುಡುತ್ತವೆ.

ಸೂಜಿ ಡಬ್ಬಿ ಕಣೋ, ಅಂದೆ.
ತಿರುಗಿಸಿ ತಳ ನೋಡಿದ.
ಅಂಚಿನ ಸುತ್ತ ಸವೆದ ಅಂಕಿಗಳು, ನಡುವೆ
ಪಿನ್ನು ಬಡಿದ ಗುಳಿ.
ಅಜ್ಜೀ, ಇದು ಗುಂಡಿಂದು. ದನಿ ತಗ್ಗಿಸಿದ.
ಹೌದಪ್ಪ. ಗುಂಡು ಯಾವತ್ತೋ ಹೋಯಿತು.

ಆವಣಿ ದಾರಿಯ ಬಂಡೆಗಳ ಹಿಂದೆ
ವರ್ಷಕ್ಕೊಂದು ಸಲ ಪೊಲೀಸರು ಗುರಿ ಹೊಡೆಯುತ್ತಿದ್ದರು.
ನಮ್ಮಪ್ಪ ಪಿಳ್ಳಪ್ಪ ಅಲ್ಲಿ ದಿನಗೂಲಿ.
ಕೆಂಪು ಬಾವುಟ ಏರಿಸಬೇಕು, ಕುರಿ ಅಟ್ಟಬೇಕು,
ಸೀಟಿ ಊದಿದ ಮೇಲೆ ಓಡಿಹೋಗಿ
ಹಲಗೆಯ ಮನುಷ್ಯನ ಎದೆಯ ತೂತುಗಳಿಗೆ
ರಾಗಿ ಗಂಜಿ ಸವರಿ ಕಾಗದ ಅಂಟಿಸಬೇಕು.
ಹೊತ್ತು ಮುಳುಗುವುದರೊಳಗೆ ಆ ಮನುಷ್ಯ
ಹತ್ತು ಸಲ ಸತ್ತು ಹತ್ತು ಸಲ ವಾಸಿಯಾಗುತ್ತಿದ್ದ.

ಖಾಲಿ ತೋಟಾ ಆಯುವುದು ನನ್ನ ಪಾಲಿಗೆ.
ಬಿಸಿಯಾಗಿ ಹಾರಿ ಬೀಳುತ್ತಿದ್ದವು.
ಕಡಲೆಕಾಯಿ ಹಕ್ಕಲು ಆಯ್ದ ಹಾಗೆ
ಲಂಗದ ಮಡಿಲು ತುಂಬಿಸುತ್ತಿದ್ದೆ.
ನೂರು ಕೊಟ್ಟರೆ ನೂರು ವಾಪಸು.
ದಫೇದಾರ್ ಯಲ್ಲೋಜಿ ರಾವ್ ಗೋಣಿಯ ಮೇಲೆ
ಹತ್ತು ಹತ್ತರ ಸಾಲು ಹೂಡಿ
ನಾಲಿಗೆ ಕಚ್ಚಿಕೊಂಡು ರಿಜಿಸ್ಟರಿಗೆ ಬರೆಯುತ್ತಿದ್ದ.
ನನಗೆ ಅಂತ ದಿನಾ ಒಂದು ಬನ್ನು.

ಒಂದರ ಬಾಯಿಗೆ ತುಟಿಯಿಟ್ಟು ಮೆಲ್ಲಗೆ ಊದಿದೆ.
ಮಣ್ಣು ಮೇಯುತ್ತಿದ್ದ ಮೇಕೆ ತಲೆಯೆತ್ತಿ ನೋಡಿತು.
ಎಂಟು ವರ್ಷದವಳಿಗೆ ಇನ್ನೇನು ಬೇಕು?
ಲಂಗದ ಲಾಡಿಗೆ ಸಿಕ್ಕಿಸಿಕೊಂಡೆ.

ಆ ಸಂಜೆ ತೊಂಬತ್ತೊಂಬತ್ತು.
ಮತ್ತೆ ಎಣಿಸಿದರು. ತೊಂಬತ್ತೊಂಬತ್ತು.
ಲಂಟಾನ ಪೊದೆ ಕಡಿಸಿದರು, ಲಾಟೀನು ತರಿಸಿದರು,
ಅಪ್ಪ ಮೊಣಕಾಲೂರಿ ಇಡೀ ಬಯಲು ತಡವಿದ.
ನಾನೂ ಹುಡುಕಿದೆ.
ಎಲ್ಲರಿಗಿಂತ ಜಾಸ್ತಿ ಹುಡುಕಿದೆ.

ಯಲ್ಲೋಜಿಯ ತೋಳಿನ ಪಟ್ಟಿ ಕಿತ್ತರು. ಎಲ್ಲಿಗೋ ವರ್ಗ.
ಹೋಗುವ ದಿನವೂ ಅಪ್ಪನ ಕೈಲಿ ಬನ್ನು ಕಳಿಸಿದ್ದ.

ಕೀಲಿ ಗೊಂಚಲಿಗೆ ಹಾಕಿಕೊಳ್ಳಿ ಅತ್ತೆ, ಅನ್ನುತ್ತಾನೆ ಅಳಿಯ.
ಪೊಲೀಸು ಕೆಲಸಕ್ಕೆ ಸೇರಿರುವ ತಂಗಿಯ ಮಗ:
ಯಾರಿಗೂ ತೋರಿಸಬೇಡ ದೊಡ್ಡಮ್ಮ, ಕೇಸಾಗುತ್ತೆ.
ಕರಗಿಸಿ ಏನಾದರೂ ಮಾಡಿಕೊಡು ಅಂದರೆ
ಕಂಚುಗಾರ ವೀರಾಚಾರಿ ನಕ್ಕುಬಿಟ್ಟ,
ಒಂದು ಗೆಜ್ಜೆಗೂ ಸಾಲದಲ್ಲ ತಾಯಿ ಇದು.
ಮತ್ತೆ ಮದ್ದು ತುಂಬುವವರೂ ಇದ್ದಾರಂತೆ ಎಲ್ಲೋ.
ನನಗೆ ಗೊತ್ತಿದ್ದದ್ದು ಸೂಜಿ. ಅದನ್ನೇ ತುಂಬಿದೆ.
ಐವತ್ತು ವರ್ಷ ಇದೇ ಊರಿನ
ಹರಿದ ಮೊಣಕೈ, ಬಿಚ್ಚಿದ ಅಂಚು,
ಒಂದೆರಡು ಸಲ ಖಾಕಿ ಅಂಗಿಯ ತೋಳೂ ಬಂದಿತ್ತು.
ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

ವಾಪಸು ಕೊಡೋಣ ಅಂತ ಹೋಗಿದ್ದೆ ಒಮ್ಮೆ,
ಠಾಣೆಯ ಮೂರನೇ ಮೆಟ್ಟಿಲವರೆಗೆ.
ಮೀಸೆ ಚಿಗುರದ ಹುಡುಗ ಕೇಳಿದ, ಏನಮ್ಮಾ ಕಂಪ್ಲೇಂಟಾ?
ಇಲ್ಲಪ್ಪ, ನೀರು ಸಿಗುತ್ತಾ ಅಂತ ಬಂದೆ.
ಕೊಟ್ಟ. ಕುಡಿದು ಬಂದೆ.

ಷಫಿ ಸೂಜಿಗಳನ್ನು ನನ್ನ ಅಂಗೈಗೆ ಸುರಿದು
ಅದನ್ನು ತಕ್ಕಡಿಗಿಟ್ಟ. ಹತ್ತು ಗ್ರಾಂ.
ಬಂಗಾರ ಆಗಿದ್ದರೆ ಮಾತೇ ಬೇರೆ ಇತ್ತು ಅಜ್ಜಿ!
ಕೋಲಾರದ ಕಡೆ ಯಾವ ಲೋಹ ತೂಗಿದರೂ
ಯಾರಾದರೊಬ್ಬರು ಈ ಮಾತು ಅನ್ನಲೇಬೇಕು.
ಕೊಡೋ ಇಲ್ಲಿ, ಅಂದೆ.

ಮಿಕ್ಕಿದ್ದಕ್ಕೆ ಎಂಟುನೂರ ಅರವತ್ತು.
ಎಣಿಸಿಕೊಳ್ಳಿ, ಅಂದ.
ಬೆರಳಿಗೆ ಎಂಜಲು ಹಚ್ಚಿ ಎಣಿಸಿದೆ.
ಹತ್ತರ ನೋಟು ಒಂದು ಕಮ್ಮಿ ಇತ್ತು.
ಅವನ ಮುಖ ನೋಡಿದೆ. ಅವನಿಗೆ ಗೊತ್ತೇ ಇರಲಿಲ್ಲ.

ಸರಿಯಾಗಿದೆ ಹೋಗಪ್ಪ, ಅಂದೆ.